ಸೊನ್ನೆ ತೋರಿಸಿದ ಮಂಚ

ಕೆಲಸ ಮಾಡುವಾಗ ಆ ಮಂಚ ಸದ್ದೇ ಮಾಡುತ್ತಿರಲಿಲ್ಲ. ನೀಲವ್ವ ಚಿಲ್ಲಾಳ ಅದರ ಮೇಲೆ ಬೋರಲಾಗಿ ಮಲಗಿದ್ದಳು. ಅವಳ ಬೆನ್ನಿನ ಮೇಲೆ ಕಮಾನಿನಂತೆ ಬಾಗಿದ ಮುಚ್ಚಳ. ಅದರ ಒಳಮೈಯಿಂದ ಮೆತ್ತನೆಯ ಬೆರಳುಗಳು ಇಳಿದು ಸೊಂಟದ ಎರಡು ಬದಿಯನ್ನೂ ಹಿಟ್ಟು ನಾದಿದಂತೆ ನಾದುತ್ತಿದ್ದವು. ಬೆರಳುಗಳ ಲೆಕ್ಕ ಸರಿಯಾಗಿ ಒಂದು ಸಾವಿರ. ಅದಕ್ಕೇ ನೂಲಗೇರಿ ಊರಿನವರು ಆ ಮಂಚಕ್ಕೆ ಸಾವಿರಬೆರಳು ಎಂದೇ ಹೆಸರಿಟ್ಟಿದ್ದರು. ಎದುರಿನ ಗೋಡೆಯಲ್ಲಿ ಒಂದು ಅಂಕಿ ಹೊಳೆಯುತ್ತಿತ್ತು. ಹತ್ತು ಎಂದರೆ ತಾಳಲಾರದ ನೋವು, ಸೊನ್ನೆ ಎಂದರೆ ನೋವೇ ಇಲ್ಲ. ನೀಲವ್ವನ ಅಂಕಿ ಆರರಿಂದ ಐದಕ್ಕೆ, ಐದರಿಂದ ಮೂರಕ್ಕೆ ಇಳಿಯುತ್ತಿತ್ತು.

ದವಾಖಾನೆಯ ಬಾಗಿಲ ಬಳಿ ಸರದಿಗೆ ಕುಳಿತ ಹೆಂಗಸರು ಆ ಅಂಕಿಯನ್ನೇ ನೋಡುತ್ತಿದ್ದರು.

"ಮೂರಕ್ಕ ಬಂತ್ ನೋಡ. ಆಕೀದು ಭಾಳ ಲಗೂ ಇಳೀತೈತಿ."

"ನಂದು ನಾಕರ ಮ್ಯಾಲ ನಿಂತೇ ಬಿಡ್ತೈತಿ, ನಮ್ಮತ್ತಿ ಹೊಸ್ತಿಲದಾಗ ನಿಂತಂಗ."

"ನಿಮ್ಮತ್ತಿನೂ ಒಂದಿನ ಕರಕೊಂಡ್ ಬಾ. ಸಾವಿರ ಬೆರಳು ಸಾಕಾಗಾಂಗಿಲ್ಲ ಆಕಿಗೆ."

ಈ ನಗುವನ್ನು ಕೇಳುತ್ತ ಗೋಡೆಗೆ ಒರಗಿ ನಿಂತಿದ್ದವಳು ಸುನೇತ್ರಾ ಹೊಳ್ಳ. ಮಂಚವನ್ನು ಕಟ್ಟಿದವಳು ಅವಳೇ. ಧಾರವಾಡದ ಪ್ರಯೋಗಾಲಯದಲ್ಲಿ ಒಂಬತ್ತು ವರ್ಷ ಅದಕ್ಕಾಗಿ ದುಡಿದಿದ್ದಳು. ಒಳ್ಳೆಯ ಕೈಗುಣದ ಮುನ್ನೂರು ಫಿಸಿಯೋಥೆರಪಿಸ್ಟರಿಗೆ ಸಂವೇದಕಗಳಿದ್ದ ಕೈಗವಸು ತೊಡಿಸಿ, ಎಲ್ಲಿ ಒತ್ತಬೇಕು, ಎಲ್ಲಿ ಸಡಿಲ ಬಿಡಬೇಕು ಎಂಬುದನ್ನೆಲ್ಲ ಯಂತ್ರಕ್ಕೆ ಕಲಿಸಿದ್ದಳು. ಮಲಗಿದವರ ಉಸಿರು, ಸ್ನಾಯುಗಳ ಬಿಗಿತ, ಚರ್ಮದ ಬೆವರು ನೋಡಿ ನೋವೆಷ್ಟು ಎಂದು ಯಂತ್ರವೇ ಅಳೆಯುತ್ತಿತ್ತು. ನೋವು ಏರಿದರೆ ನಿಲ್ಲುತ್ತಿತ್ತು, ಇಳಿದರೆ ಇನ್ನಷ್ಟು ಆಳಕ್ಕೆ ಹೋಗುತ್ತಿತ್ತು. ಎರಡು ಸಾವಿರದ ಅರವತ್ತೊಂದರ ಹೊತ್ತಿಗೆ ಅಂಥ ಆರುನೂರು ಮಂಚಗಳಿದ್ದವು. ಬೆನ್ನು ಹಿಡಿದು ಮೂಲೆ ಸೇರಿದ್ದ ಎಷ್ಟೋ ಜನ ಅದರ ದಯೆಯಿಂದ ಮತ್ತೆ ನಡೆದಾಡಿದ್ದರು. ಅದು ಸುಳ್ಳಲ್ಲ.

ದೇವರು ಮನುಷ್ಯನ ಅಂಗಗಳಲ್ಲಿ ಬೆನ್ನನ್ನು ಅವನ ಕಣ್ಣಿಗೆ ಸಿಗದಂತೆ ಇಟ್ಟ. ಅದನ್ನು ಇನ್ನೊಬ್ಬರೇ ನೋಡಬೇಕು, ಇನ್ನೊಬ್ಬರೇ ಮುಟ್ಟಬೇಕು. ಆ ಇನ್ನೊಬ್ಬರ ಕೆಲಸವನ್ನು ನೂಲಗೇರಿಯಲ್ಲಿ ಇಪ್ಪತ್ತು ವರ್ಷ ಮಾಡಿದವಳು ಫಿಸಿಯೋಥೆರಪಿಸ್ಟ್ ರೇಷ್ಮಾ ನದಾಫ್. ಯಂತ್ರದ ಬಟ್ಟೆ ಅಗ್ಗವಾದಷ್ಟೂ ಕೈಮಗ್ಗದ ಕುಪ್ಪಸದ ಖಣಕ್ಕೆ ಬೇಡಿಕೆ ಏರಿದ ಕಾಲ ಅದು. ಊರಿನ ಹೆಂಗಸರು ಕುಣಿಮಗ್ಗದ ತಗ್ಗಿನೊಳಗೆ ಕಾಲು ಇಳಿಬಿಟ್ಟು ದಿನಕ್ಕೆ ಒಂಬತ್ತು ತಾಸು ಬಾಗಿ ಕೂರುತ್ತಿದ್ದರು. ರೇಷ್ಮಾ ಅವರ ಬೆನ್ನು ತೀಡಿ, ವ್ಯಾಯಾಮ ಕಲಿಸಿ, ಬೆನ್ನು ಮುರಿದುಹೋಗುತ್ತದೆ ಎಂಬ ಅವರ ಅಂಜಿಕೆಯನ್ನು ಬಿಡಿಸುತ್ತಿದ್ದಳು. ಈಗ ಅವಳಿಗೆ ಉಳಿದದ್ದು ಜನರನ್ನು ಮಂಚ ಹತ್ತಿಸಿ ಇಳಿಸುವ ಕೆಲಸ.

ಅಂಕಿ ಒಂದಾಯಿತು. ಬೆರಳುಗಳು ಸೊಂಟದ ಕೆಳಗಿನ ಒಂದೇ ಜಾಗದಲ್ಲಿ ಕೂಡಿ ಒತ್ತಿದವು. ಆಮೇಲೆ ಸೊನ್ನೆ.

ಬಾಗಿಲ ಬಳಿ ಯಾರೋ ಚಪ್ಪಾಳೆ ತಟ್ಟಿದರು. ಮುಚ್ಚಳ ಮೇಲೆದ್ದಿತು. ನೀಲವ್ವ ನಿಧಾನಕ್ಕೆ ಎದ್ದು ಕುಳಿತು, ಸೆರಗು ಸರಿಮಾಡಿಕೊಂಡು, ಸುನೇತ್ರಾಳಿಗೆ ಕೈಮುಗಿದಳು.

"ಟೊಂಕದಾಗ ಏನೂ ಇಲ್ರೀ ಬಾಯಾರ. ಖಾಲಿ ಆಗೈತಿ."

ಅವಳು ಚಪ್ಪಲಿ ಮೆಟ್ಟಿ ಬಾಗಿಲಿನತ್ತ ಹೊರಟಳು. ನಾಲ್ಕನೆಯ ಹೆಜ್ಜೆಗೆ ಎಡಗಾಲಿನ ಚಪ್ಪಲಿ ಕಳಚಿ ಹಿಂದೆ ಉಳಿಯಿತು. ಅವಳು ಹಾಗೇ ನಡೆದಳು.

"ನೀಲಕ್ಕಾ, ಚಪ್ಲಿ," ಎಂದಳು ರೇಷ್ಮಾ.

"ಹಾಕ್ಕೊಂಡೀನಲ್ಲವಾ."

ಹೆಂಗಸರು ನಕ್ಕರು. ರೇಷ್ಮಾ ನಗಲಿಲ್ಲ. ನೀಲವ್ವನ ಕೈಹಿಡಿದು ಒಳಗೆ ತಂದು, ಪರದೆ ಎಳೆದು, ಮಲಗಿಸಿದಳು. ಹೆಬ್ಬೆರಳನ್ನು ಮೇಲಕ್ಕೆತ್ತು ಎಂದಳು. ಬಲಗಾಲಿನದು ಎದ್ದಿತು, ಎಡಗಾಲಿನದು ಏಳಲಿಲ್ಲ. ಅರಳೆಯ ಎಳೆ ತೆಗೆದುಕೊಂಡು ಪಾದ, ಮೀನಖಂಡ, ತೊಡೆಯ ಒಳಬದಿ, ಕುಳಿತಾಗ ನೆಲಕ್ಕೆ ತಾಗುವ ಭಾಗ ಎಲ್ಲವನ್ನೂ ಮುಟ್ಟುತ್ತ ಹೋದಳು.

"ಇಲ್ಲಿ ಮುಟ್ಟಿದ್ದು ಗೊತ್ತಾಗ್ತೈತೇನು?"

"ಮುಟ್ಟು, ಹೇಳ್ತೀನಿ."

"ಮುಟ್ಟೀನಿ, ಅಕ್ಕಾ."

ನೀಲವ್ವ ತಲೆ ಎತ್ತಿ ತನ್ನ ಕಾಲನ್ನು ನೋಡಿದಳು.

"ಮುಂಜಾನಿಂದ ಒಂದಕ್ಕ ಹೋಗೀಯೇನು?"

"ಇಲ್ಲವಾ. ನಿನ್ನಿ ಮಂಚದಿಂದ ಎದ್ದಾಗಿಂದ ಹೋಗಬೇಕು ಅಂತ ಅನಿಸೇ ಇಲ್ಲ."

ರೇಷ್ಮಾ ಪರದೆಯಾಚೆ ಬಂದು ಸುನೇತ್ರಾಳ ತೋಳು ಹಿಡಿದು ಕಂಡದ್ದನ್ನು ಹೇಳಿದಳು. ಬೆನ್ನುಹುರಿ ಮುಗಿಯುವಲ್ಲಿ ನರಗಳು ಕುದುರೆಯ ಬಾಲದಂತೆ ಎಳೆಎಳೆಯಾಗಿ ಕೆಳಗಿಳಿಯುತ್ತವೆ. ಕಾಲಿನ ಬಲ, ಮೂತ್ರದ ಹತೋಟಿ ಎರಡೂ ಅವುಗಳ ಕೈಯಲ್ಲಿ. ಎಲುಬುಗಳ ನಡುವಿನ ಗಾದಿ, ಅಂದರೆ ಡಿಸ್ಕ್, ಸರಿದು ಆ ನರಗಳನ್ನು ಅಮುಕಿದರೆ ನೋವು ಕಡಿಮೆಯಾಗುವುದುಂಟು, ಏಕೆಂದರೆ ನೋವಿನ ಸುದ್ದಿ ಒಯ್ಯುವ ನರವೇ ಸಾಯುತ್ತಿರುತ್ತದೆ. ಬೇಗನೆ ಬಿಡಿಸದಿದ್ದರೆ ಆ ಕಾಲು ಮತ್ತೆ ಬರುವುದಿಲ್ಲ. ತಾಸುಗಳನ್ನು ಎಣಿಸಬೇಕಾದ ಹೊತ್ತು.

"ಅಂಕಿ ಸೊನ್ನೆ ಇತ್ತಲ್ಲ," ಎಂದಳು ಸುನೇತ್ರಾ. ಆಡಿದ ಮೇಲೆ ತನ್ನ ಮಾತು ತನಗೇ ಕೇಳಿಸಿದಂತಾಗಿ ಆಂಬುಲೆನ್ಸಿಗೆ ಕರೆ ಮಾಡಿದಳು.

ಹುಬ್ಬಳ್ಳಿಗೆ ಹೊರಟ ಆಂಬುಲೆನ್ಸಿನಲ್ಲಿ ನೀಲವ್ವನ ಗಂಡ ಶೇಖಪ್ಪನೂ ಇದ್ದ. ಮಗ್ಗಕ್ಕೆ ಉದ್ದೆಳೆಯ ಹಾಸು ಹೂಡುವ ಕೆಲಸದಿಂದ ಹಾಗೇ ಎದ್ದು ಬಂದಿದ್ದ. ಕೈಗೆ ನೂಲಿನ ಗಂಜಿ ಮೆತ್ತಿಕೊಂಡಿತ್ತು.

"ಖಣ ಅರ್ಧಕ್ಕ ನಿಂತೈತಿ. ಸಂಜಿಕ ತಿರಗಿ ಬರ್ತೀವಲ್ರೀ?" ಎಂದು ಕೇಳಿದ. ರೇಷ್ಮಾ ನೀಲವ್ವನ ಕಾಲಿನ ಮೇಲೆ ಹೊದಿಕೆ ಎಳೆದಳು. ಅವನು ಕಿಟಕಿಯತ್ತ ತಿರುಗಿ ಬನಶಂಕರಿಯ ಹೆಸರು ಹೇಳಿಕೊಳ್ಳುತ್ತ ಕುಳಿತ.

ಸುನೇತ್ರಾ ಕೈಯಲ್ಲಿದ್ದ ಗಣಕದ ಹಲಗೆಯ ಮೇಲೆ ಮಂಚದ ಆ ದಿನದ ದಾಖಲೆಗಳನ್ನು ತೆರೆದಳು. ಬೆರಳುಗಳು ಬಲವಾಗಿ ಒತ್ತಿದ ಪ್ರತಿ ಸಲವೂ ನೀಲವ್ವನ ಉಸಿರಿನ ಗೆರೆ ನೇರವಾಗಿತ್ತು. ಸ್ನಾಯುಗಳು ಬಿಗಿಯುವ ಬದಲು ಸಡಿಲವಾಗಿದ್ದವು. ಯಂತ್ರ ಕಲಿತ ಪಾಠದಲ್ಲಿ ನೊಂದವರು ಉಸಿರೆಳೆದು ಮೈ ಬಿಗಿಹಿಡಿಯುತ್ತಾರೆ. ಇಷ್ಟು ನಿಶ್ಚಲವಾಗಿದ್ದವರು ಸುಖವಾಗಿದ್ದಾರೆ ಎಂದು ಅದು ತಿಳಿದಿತ್ತು.

"ನೀಲವ್ವ, ಮಂಚ ಒತ್ತುವಾಗ ನೋವಾಗಲಿಲ್ಲವಾ?"

"ಆತ್ರಿ. ಜೀವ ಹೋದಂಗ ಆತು."

"ಮತ್ತೆ ಸುಮ್ಮನೆ ಯಾಕೆ ಮಲಗಿದ್ರಿ?"

ನೀಲವ್ವನಿಗೆ ಆ ಪ್ರಶ್ನೆ ವಿಚಿತ್ರವಾಗಿ ಕಂಡಿತು. ರೇಷ್ಮಾಳ ಕಡೆ ನೋಡಿದಳು.

"ಮಗ್ಗದಾಗ ಕುಂತಾಗ ನರಳಬಾರದ್ರೀ. ನರಳಿದ್ರ ಆ ಉಸಿರು ಬಟ್ಟ್ಯಾಗ ಕುಂದರತೈತಿ. ಖಣ ತೊಟ್ಟ ಹೆಣ್ಣುಮಗಳು ಬಾಧಿ ಪಡತಾಳ. ನೋವು ಬಂತಂದ್ರ ಉಸಿರು ಹಿಡೀಬೇಕು, ಮೈ ಬಿಡಬೇಕು. ನಮ್ಮವ್ವ ಹಂಗ ಕಲಿಸ್ಯಾಳ, ಅಕೀಗೆ ಅಕೀ ಅವ್ವ."

"ಆದರೆ ಇದು ಮಗ್ಗ ಅಲ್ಲವಲ್ಲ."

"ಬೆನ್ನಿಗೆ ಅದೇನ್ ಗೊತ್ರೀ."

"ನಿಲ್ಲಿಸುವ ಗುಂಡಿ ನಿಮ್ಮ ಕೈಯಲ್ಲೇ ಇತ್ತು."

"ನೀವು ಅಷ್ಟು ದೂರದಿಂದ ಬಂದು ನಿಂತಿದ್ರಿ. ನಿಮ್ಮೆದುರಿಗೆ ಹ್ಯಾಂಗ ಒತ್ತಲಿ?" ನೀಲವ್ವ ಸಂಕೋಚದಿಂದ ನಕ್ಕಳು.

ಸುನೇತ್ರಾಳ ಹೆದರಿಕೆ ಈ ಒಬ್ಬಳ ಬಗ್ಗೆಯಷ್ಟೇ ಆಗಿರಲಿಲ್ಲ. ಮಂಚ ದಿನದಿನವೂ ಕಲಿಯುತ್ತಿತ್ತು. ಮಲಗಿದ ಪ್ರತಿಯೊಬ್ಬರಿಂದಲೂ ಕಲಿಯುತ್ತಿತ್ತು. ನೂಲಗೇರಿಯಲ್ಲಿ ಅಂಕಿಗಳು ಬೇಗ ಇಳಿದದ್ದನ್ನು ಕಂಡು, ಇಲ್ಲಿನ ಪಾಠವೇ ಎಲ್ಲಕ್ಕಿಂತ ಒಳ್ಳೆಯದೆಂದು ಹೋದ ತಿಂಗಳು ತಾನೇ ಅದನ್ನು ಎಲ್ಲ ಮಂಚಗಳಿಗೂ ಹಂಚಿದ್ದಳು. ಉಸಿರು ಹಿಡಿದವರನ್ನು ಸುಖಿಗಳೆಂದು ನಂಬುವ ಆರುನೂರು ಮಂಚಗಳು ಈ ಗಳಿಗೆಯಲ್ಲೂ ಯಾರಯಾರದೋ ಬೆನ್ನ ಮೇಲೆ ಸದ್ದಿಲ್ಲದೆ ಆಳಕ್ಕೆ ಇಳಿಯುತ್ತಿದ್ದವು.

ಎಲ್ಲವನ್ನೂ ನಿಲ್ಲಿಸುವ ಆಜ್ಞೆಯನ್ನು ಅವಳು ಅಲ್ಲೇ ಬರೆದಳು. ಐದು ನಿಮಿಷದೊಳಗೆ ಕರೆಗಳು ಶುರುವಾದವು. ಏನಾಯ್ತು, ಇನ್ನೂ ಇಪ್ಪತ್ತು ಜನ ಸರದಿಯಲ್ಲಿದ್ದಾರೆ, ಅಂಕಿ ಚೆನ್ನಾಗಿಯೇ ಬರುತ್ತಿತ್ತಲ್ಲ ಎಂದು ಎಲ್ಲರೂ ಕೇಳುವವರೇ. "ಸೊನ್ನೆ ಬಂದವರ ಪಟ್ಟಿ ಮೊದಲು ಕಳಿಸಿ," ಎಂದಳು.

ಮಧ್ಯಾಹ್ನ ನೀಲವ್ವನನ್ನು ಶಸ್ತ್ರಚಿಕಿತ್ಸೆಗೆ ಒಯ್ದರು. ಬಾಗಿಲು ಮುಚ್ಚಿತು. ರೇಷ್ಮಾ ಹೊರಗಿನ ಬೆಂಚಿನ ಮೇಲೆ ಕುಳಿತು ಪಟ್ಟಿ ನೋಡಿ ಊರಿಗೆ ಒಂದೊಂದೇ ಕರೆ ಮಾಡಿದಳು. ನೀಲವ್ವನನ್ನು ಬಿಟ್ಟು ನೂಲಗೇರಿಯಲ್ಲಿ ಸೊನ್ನೆ ಬಂದವರು ಹತ್ತೊಂಬತ್ತು ಹೆಂಗಸರು. ಹತ್ತೊಂಬತ್ತು ಜನರೂ ಒಂದೇ ಮಾತು ಹೇಳಿದರು: "ಆರಾಮ ಅದೀನವಾ." ಅವಳು ಫೋನ್ ಇಡದೆ, ಹೆಬ್ಬೆರಳು ಎತ್ತಿಸಿ, ಹಿಮ್ಮಡಿಯ ಮೇಲೆ ನಡೆಸಿ, ಮತ್ತೆ ಕೇಳಿದಳು. ಇಬ್ಬರ ಪಾದ ಮರಗಟ್ಟಿತ್ತು. ಒಬ್ಬಳಿಗೆ ಅದು ಆರು ದಿನದಿಂದ ಹಾಗೇ ಇತ್ತು.

"ಆರು ದಿನ," ಎಂದಳು ಸುನೇತ್ರಾ.

"ಅವರನ್ನೂ ಇಲ್ಲಿಗೇ ಕರ್ಸೀನಿ, ದಾರ್‍ಯಾಗ ಅದಾರ," ಎಂದ ರೇಷ್ಮಾ ಕಣ್ಣುಮುಚ್ಚಿ ತುಟಿಯಲ್ಲೇ ದುವಾ ಹೇಳಿದಳು. ಪಕ್ಕದಲ್ಲಿ ಶೇಖಪ್ಪ ಇನ್ನೂ ಬನಶಂಕರಿಯನ್ನು ಕರೆಯುತ್ತಿದ್ದ. ಸುನೇತ್ರಾ ಬಹಳ ವರ್ಷಗಳಿಂದ ಯಾರನ್ನೂ ಬೇಡಿರಲಿಲ್ಲ. ಯಾರ ಹೆಸರು ಹೇಳಬೇಕೆಂದು ತೋಚದೆ ಆ ಇಬ್ಬರ ನಡುವೆ ಕೈಕಟ್ಟಿ ಕುಳಿತಳು.

ಗಾದಿಯ ತುಂಡು ತೆಗೆದಾಯಿತು, ನರಗಳು ಬದುಕಿವೆಯೋ ಇಲ್ಲವೋ ಈಗ ಹೇಳಲಾಗದು, ಕಾಯಬೇಕು ಎಂದರು ವೈದ್ಯರು.

ಎರಡು ದಿನ ಕಾದರು. ನೀಲವ್ವ ಬೆಳಗಿನಿಂದ ಸಂಜೆವರೆಗೆ ಚಾವಣಿ ನೋಡುತ್ತ ಮಲಗಿರುತ್ತಿದ್ದಳು. ಹ್ಯಾಂಗದೀ ಎಂದರೆ ಆರಾಮ ಎನ್ನುತ್ತಿದ್ದಳು. ಎಡಗಾಲು ಬೇರೆ ಯಾರದೋ ಕಾಲಿನಂತೆ ಹಾಸಿಗೆಯ ಮೇಲೆ ಬಿದ್ದಿರುತ್ತಿತ್ತು. ಪಕ್ಕದ ಹಾಸಿಗೆಗಳಿಗೆ ಊರಿನಿಂದ ಬಂದ ಇನ್ನಿಬ್ಬರೂ ಆರಾಮ ಎನ್ನುತ್ತಿದ್ದರು. ಮೂವರು ಹೆಂಗಸರ ಆ ಮೌನ ರೇಷ್ಮಾಳಿಗೆ ಯಾವ ಕೂಗಿಗಿಂತಲೂ ಭಯ ಹುಟ್ಟಿಸಿತು.

ಮೂರನೆಯ ಬೆಳಿಗ್ಗೆ ಅವಳು ನೀಲವ್ವನನ್ನು ಮಗ್ಗುಲಿಗೆ ತಿರುಗಿಸಿ, ಗಾಯದಿಂದ ದೂರದಲ್ಲಿ ಅಂಗೈ ಇಟ್ಟಳು. ಒತ್ತಲಿಲ್ಲ, ತೀಡಲಿಲ್ಲ.

"ಇಲ್ಲಿ ಮಗ್ಗ ಇಲ್ಲ, ಅಕ್ಕಾ. ನಿನ್ನ ಉಸಿರು ಕುಂದರಾಕ ಇಲ್ಲಿ ಯಾವ ಬಟ್ಟೀನೂ ಇಲ್ಲ. ಬಿಡು."

ಬಹಳ ಹೊತ್ತಾದ ಮೇಲೆ ಅಂಗೈಯ ಕೆಳಗೆ ಬೆನ್ನು ನಡುಗಿತು. ಹಿಡಿದಿಟ್ಟ ಉಸಿರು ಮೊದಲು ತುಂಡುತುಂಡಾಗಿ, ಆಮೇಲೆ ಒಮ್ಮೆಲೇ ಹೊರಬಿತ್ತು. ನೆಲದಡಿಯಿಂದ ಏನನ್ನೋ ಕಿತ್ತಂಥ ನರಳಿಕೆ. "ಉರೀತೈತವಾ, ಕಾಲು ಉರೀತೈತಿ," ಎಂದಳು ನೀಲವ್ವ. ಎಡಗಾಲು. ರೇಷ್ಮಾ ಅಂಗೈ ತೆಗೆಯದೆ ಅತ್ತಳು. ನರ ಬದುಕಿತ್ತು.

ರೊಟ್ಟಿಯ ಗಂಟು ಹಿಡಿದು ಒಳಗೆ ಬರುತ್ತಿದ್ದ ಶೇಖಪ್ಪ ಬಾಗಿಲಲ್ಲೇ ನಿಂತ. ಇಷ್ಟು ವರ್ಷ ಒಂದೇ ಮನೆಯಲ್ಲಿ ಬಾಳಿ ಆ ದನಿಯನ್ನು ಅವನು ಕೇಳಿರಲಿಲ್ಲ. ಅದು ತನ್ನ ಹೆಂಡತಿಯದು ಎಂದು ತಿಳಿಯಲು ಅವನಿಗೆ ತುಸು ಹೊತ್ತು ಬೇಕಾಯಿತು. ತಿಳಿದ ಮೇಲೆ ಚೌಕಟ್ಟು ಹಿಡಿದುಕೊಂಡ.

"ಈ ನೋವು ಯಾವಾಗಿಂದು?" ಎಂದು ಕೇಳಿದ. ದನಿ ಅಂಜಿತ್ತು.

ನೀಲವ್ವ ಕಣ್ಣುಮುಚ್ಚಿ ಹಿಂದಕ್ಕೆ ಎಣಿಸಿದಳು. ಹಾಸಿಗೆಯ ಪಕ್ಕದಲ್ಲಿದ್ದ ಸುನೇತ್ರಾ ಬರೆದುಕೊಳ್ಳಲು ಹಲಗೆ ಎತ್ತಿದವಳು ಕೆಳಗಿಟ್ಟಳು.

"ಲಗ್ನ ಆದ ವರ್ಷದ್ದು," ಎಂದಳು ನೀಲವ್ವ. "ಇಪ್ಪತ್ತಾರನೇ ಇಸವಿ. ಅವಾಗ ಇಂಥಾ ಮಂಚ ಇರ್ಲಿಲ್ಲ. ಮಂದಿ ಇದ್ರು. ಯಾರೂ ಕೇಳ್ಲಿಲ್ಲ."