ಬಿಡಿಸದ ಹಾಳೆಗಳು

ಇದು ಹೋದ ವರ್ಷದ ಮಾತು. ಎಂ.ಎ. ಕಿರುಪ್ರಬಂಧಕ್ಕೆಂದು ಬೈಲಹೊಂಗಲದ ಹಳೆಯದೊಂದು ವಾಚನಾಲಯಕ್ಕೆ ಮೊದಲ ಸಲ ಹೋಗಿದ್ದೆ. ಮಟಮಟ ಮಧ್ಯಾಹ್ನ, ಓದುವವಳು ನಾನೊಬ್ಬಳೇ. ಗ್ರಂಥಪಾಲಕ ನಿಜಗುಣಪ್ಪ ಕಾಕಾ ರಿಜಿಸ್ಟರಿನಲ್ಲಿ ನನ್ನ ಹೆಸರು ಬರೆಸಿಕೊಂಡು, ಅಂಚು ಕತ್ತರಿಸದ ದಪ್ಪ ಪುಸ್ತಕವೊಂದನ್ನೂ ಸ್ಟೀಲ್ ಪಟ್ಟಿಯನ್ನೂ ಕೊಟ್ಟರು.

"ಅಚ್ಚಾದಾಗಿಂದ ಇದನ್ನ ಯಾರೂ ಓದಿಲ್ಲವ್ವಾ ಮೆಹೆರಾಜ. ಹಾಳಿ ಇನ್ನೂ ಒಂದಕ್ಕೊಂದು ಕೂಡ್ಯಾವ. ಪಟ್ಟೀಲೆ ಸೀಳಕೋತ ಓದು."

ಮೊದಲ ಮಡಿಕೆ ಸೀಳಿದೆ. ಒಳಪುಟದ ಮೂಲೆ ಒದ್ದೆಯಾಗಿತ್ತು, ಆಗಷ್ಟೇ ಯಾರೋ ಎಂಜಲು ಬೆರಳಿನಿಂದ ತಿರುವಿದಂತೆ. ತಂಬಾಕಿನ ವಾಸನೆ ಹೊಡೆಯಿತು. ಎರಡನೆಯ ಮಡಿಕೆಯೊಳಗೂ ಅದೇ ಒದ್ದೆ. ಮುಟ್ಟಿದರೆ ಬೆಚ್ಚಗಿತ್ತು.

ಕಾಕಾ ಹಿಂದೆ ಬಂದು ಗದರಿದರು: "ಹಾಳಿಗೆ ಎಂಜಲ ಹಚ್ಚಬ್ಯಾಡವ್ವಾ!"

"ನಾ ಹಚ್ಚಿಲ್ರೀ ಕಾಕಾ. ನೀವ ಸೀಳಿ ನೋಡ್ರಿ."

ಮುಂದಿನ ಮಡಿಕೆಯನ್ನು ಅವರೇ ಸೀಳಿದರು. ಮೂಲೆ ಮುಟ್ಟಿದ ಬೆರಳನ್ನು ಬಹಳ ಹೊತ್ತು ಧೋತರಕ್ಕೆ ಒರೆಸುತ್ತ ನಿಂತರು. ಆಮೇಲೆ ಪುಸ್ತಕವನ್ನು ಕಪಾಟಿನಲ್ಲಿಟ್ಟು ಕೀಲಿ ಹಾಕಿದರು. ನನ್ನ ಮುಖ ನೋಡಲಿಲ್ಲ.

ಸಂಗೊಳ್ಳಿ ಬಸ್ಸಿನಲ್ಲಿ ಕೂತು, ಅಂದೇ ಕೊಂಡಿದ್ದ ನೋಟುಬುಕ್ಕು ತೆರೆದೆ. ನಾನು ಬರೆದದ್ದು ಒಂದೇ ಪುಟ. ಮುಂದಿನ ಖಾಲಿ ಹಾಳೆಗಳ ಮೂಲೆಗಳು, ಕೊನೆಯದರವರೆಗೂ, ಒದ್ದೆಯಾಗಿದ್ದವು.