ಮೂರು ಸಲ ಅಳೆದ ಪ್ರೋಟೀನು

2025ರ ಫೆಬ್ರುವರಿ 10, ಸೋಮವಾರ, ಬೆಳಿಗ್ಗೆ 9 ಗಂಟೆ 40 ನಿಮಿಷ.

ಕುಷ್ಟಗಿಯ ಲ್ಯಾಬಿನ ಬಾಗಿಲಲ್ಲಿ ಇಸ್ತ್ರಿ ಅಂಗಿಯ ಗಾಳೇಶ ನಿಂತಿದ್ದ. ಪಕ್ಕದಲ್ಲಿ ಅಕ್ಕ ಹಂಪವ್ವ. ಕುಕನೂರಿಗೆ ಹೆಣ್ಣು ನೋಡಲು ಹೊರಟವರನ್ನು ಲ್ಯಾಬಿನ ಶೈಲಶ್ರೀ ಫೋನ್ ಮಾಡಿ ಕರೆಸಿದ್ದಳು.

“ಇವತ್ತ ಹುಬ್ಬಳ್ಳಿಗೆ ಹೋಗ್ರಿ. ನಿಮ್ಮ ಕಿಡ್ನಿ ಡಾಕ್ಟರಿಗೆ ಹೇಳೀನಿ.”

“ಕ್ರಿಯಾಟಿನಿನ್ ಎಷ್ಟೈತಿ?” ಹಂಪವ್ವ ಕೇಳಿದಳು. ತಮ್ಮನಿಗೆ ಕಿಡ್ನಿ ಕೊಟ್ಟವಳು. ಆ ಪದ ಅವಳಿಗೆ ಮನೆದೇವರ ಹೆಸರಿನಷ್ಟೇ ರೂಢಿ.

“ಒಂದು ಪಾಯಿಂಟ್ ಒಂದು. ಹೋದ ತಿಂಗಳಿನಷ್ಟ ಐತ್ರಿ.”

“ಮತ್ತ ಛಲೋ ಇದ್ದಾಂವನ್ನ ಯಾಕ ತಡದಿ ಯವ್ವಾ?”

“ಅದು ಏರೋದು ಕಿಡ್ನಿಗೆ ಪೆಟ್ಟು ಬಿದ್ದ ಮ್ಯಾಲ್ರಿ. ದೇಹ ಆ ಕಿಡ್ನಿ ಒಲ್ಲೆ ಅಂದ್ರ ಮೂತ್ರದಾಗಿನ ಈ ಪ್ರೋಟೀನ್ ಮೊದಲ ಹೇಳತೈತಿ. ಇನ್ನೂರರ ಒಳಗ ಇರಬೇಕು... ಆರನೂರಾ ಹನ್ನೆರಡು ಬಂದೈತಿ. ಸೋಂಕಿನಿಂದ ಏರೈತಿ ಅನ್ನಾಕ ಸೋಂಕೂ ಇಲ್ಲ.”

“ತಪ್ಪಿರಬಹುದಲ್ರಿ?” ಗಾಳೇಶ ಮೆಲ್ಲಗೆ ಕೇಳಿದ.

“ಮೂರು ಸಲ ನೋಡೀನ್ರಿ.”

“ಮೂರು ಸಲ ಯಾಕ?”

ಶೈಲಶ್ರೀ ವರದಿಯನ್ನು ಮಡಚಿ ಅವನ ಕೈಗಿಟ್ಟಳು. ತಿಂಗಳಿಗೊಮ್ಮೆ ಮಾದರಿ ಕೊಡಲು ಬರುವ ಇವನಿಗಾಗಿ ತಾನು ಕಾಯುತ್ತಿದ್ದುದು... ಹೆಣ್ಣು ನೋಡುವ ಸುದ್ದಿಗೆ ಊಟ ಸೇರದಿದ್ದುದು... ‘ಈ ಸಂಖ್ಯೆ ನಿಜವೋ, ನನ್ನ ಆಸೆಯೋ?’

“ಹೆಣ್ಣಿನ ಮನ್ಯಾಗ ಉಪ್ಪಿಟ್ಟು ಆರತೈತಿ,” ಹಂಪವ್ವ ಗೊಣಗಿದಳು.

“ಆರಲಿ ಬಿಡಕ್ಕ. ನೀ ಕೊಟ್ಟದ್ದು ಮೊದಲು ಉಳೀಲಿ.”

ಹೋಗುವಾಗ ಅವನು ತಿರುಗಿ ನೋಡಲಿಲ್ಲ. ಮೂರು ವಾರ ಫೋನೂ ಇಲ್ಲ. ‘ಸಿಟ್ಟಾದರೇ?’

ಮಾರ್ಚ್ 3ರಂದು ಇಬ್ಬರೂ ಬಂದರು. ದೇಹ ಹೊಸ ಕಿಡ್ನಿಯನ್ನು ಒಲ್ಲೆನ್ನಲು ಆಗಷ್ಟೇ ತೊಡಗಿದ್ದು ಬಯಾಪ್ಸಿಯಲ್ಲಿ ಕಂಡಿತ್ತು. ಮೂರು ದಿನದ ಇಂಜೆಕ್ಷನ್ನಿಗೆ ಅದು ಮಣಿದಿತ್ತು.

“ಒಂದು ಫೋನಾದ್ರೂ ಮಾಡಬಾರದೇನ್ರಿ?” ಅವಳ ಕಣ್ಣು ತುಂಬಿತ್ತು.

“ಫೋನಿನಾಗ ಕೇಳೋ ಮಾತಲ್ಲ ಅದು,” ಗಾಳೇಶ ಅಂದ. “ಮೂರನೇ ಸಲ ಡಬ್ಬಿ ಮ್ಯಾಲಿನ ಹೆಸರು ಮುಚ್ಚಿ, ನಿಮ್ಮ ಜೋಡಿ ಕೆಲಸ ಮಾಡೋ ಮಂಜೂರನ ಕೈಲೆ ಮಾಡಿಸಿದ್ರಂತ. ಅವನ ಹೇಳ್ಯಾನ. ಯಾಕ್ರಿ?”

“ನನ್ನ ಮ್ಯಾಲೆ ನನಗ ನಂಬಿಕಿ ಇರಲಿಲ್ಲ...” ಅವಳು ತಲೆ ತಗ್ಗಿಸಿದಳು. “ನೀವು ಕುಕನೂರಿಗೆ ಹೋಗಬಾರದು ಅಂತ ಮನಸ್ಸಿನಾಗ ಇತ್ರಿ.”

“ನನಗೂ ಹೋಗಾಕ ಮನಸಿರಲಿಲ್ಲ. ಕಿಡ್ನಿ ಹಾಕಿಸಿಕೊಂಡಾಂವ ನಿಮ್ಮನ್ನ ಹ್ಯಾಂಗ ಕೇಳಲಿ ಅಂತ...”

ಬೆಂಚಿನಿಂದ ಹಂಪವ್ವ ನಕ್ಕಳು. “ಉಪ್ಪಿಟ್ಟು ಕುಕನೂರಾಗ ಅಷ್ಟ ಮಾಡತಾರೇನು? ನಿಮ್ಮ ಮನಿಗೆ ಎಂದು ಬರೂಣವಾ?”

ಶೈಲಶ್ರೀ ಕೆಂಪಾಗಿ ಗಾಳೇಶನಿಗೆ ಡಬ್ಬಿ ಚಾಚಿದಳು. “ಮೊದಲು ಇದನ್ನ ಕೊಡ್ರಿ.”

“ಈ ಸಲ ಎಷ್ಟು ಸಲ ನೋಡ್ತೀರಿ?”

“ನಾ ಮುಟ್ಟೂದಿಲ್ರಿ. ಮಂಜೂರ ನೋಡ್ತಾನ. ನನ್ನ ಕೈಯನ್ನ ನಾ ಇವತ್ತೂ ನಂಬೂದಿಲ್ಲ.”

ಅವನು ಡಬ್ಬಿಯ ಜೊತೆಗೆ ಆ ಕೈಯನ್ನೂ ಹಿಡಿದುಕೊಂಡ.

ಸಂಜೆ 4 ಗಂಟೆ 15 ನಿಮಿಷಕ್ಕೆ ವರದಿ ಬಂತು: ಪ್ರೋಟೀನು ಮಿಲಿಲೀಟರಿಗೆ 64 ಪಿಕೋಗ್ರಾಂ, ಇನ್ನೂರರ ಎಷ್ಟೋ ಒಳಗೆ.