ಎರಡನೇ ಚೌಕ

"ತಗೊಳ್ಳಿ. ನನ್ನದೊಂದೇ ಬಾಕಿ ಇತ್ತಲ್ವಾ?"

ಕನ್ನಡಕದ ಅಂಗಡಿಯ ಹಿಂದಿನ ಕೋಣೆಯ ಬಾಗಿಲಲ್ಲಿ ನಿಂತು ಅವನು ಮಡಿಸಿದ ಕಾಗದವೊಂದನ್ನು ಚಾಚಿದ. ಅವಳು ಗಾಜು ಉಜ್ಜುವ ಯಂತ್ರ ನಿಲ್ಲಿಸಿ, ಒದ್ದೆ ಕೈಯನ್ನು ಬಟ್ಟೆಗೆ ಒರೆಸಿಕೊಂಡು ಎದ್ದಳು. ಕಾಗದ ಕೈ ಬದಲಾಗುವಾಗ ಬೆರಳಿಗೆ ಬೆರಳು ತಾಗಿತು. ಒಂದೇ ಒಂದು ಕ್ಷಣ! ಎರಡು ವರ್ಷದಿಂದ ಇಷ್ಟಕ್ಕೇ ಅವಳ ಎದೆ ಢವಢವ ಎನ್ನುತ್ತಿತ್ತು. ಇವತ್ತೂ ಎಂದಿತು.

"ನಾಳೆ ಬೆಳಿಗ್ಗೆ ಆರಕ್ಕೆ ಬಸ್ಸು. ಮರೀಬೇಡಿ," ಎಂದಳು.

"ಮರೆಯೋಕಾಗೋ ಹಾಗಿದ್ರೆ ಚೆನ್ನಾಗಿರ್ತಿತ್ತು," ಎಂದವನೇ ಹೊರಟುಹೋದ.

ಇದೇನಪ್ಪಾ ಮಾತು!

ಪರದೇಶಕ್ಕೆ ದುಡಿಯಲು ಬಂದ ಎಂಟು ಜನರ ಗುಂಪು ಅವರದು. ನಾಳೆ ಎಲ್ಲರೂ ಸೇರಿ ಪಕ್ಕದ ದೇಶಕ್ಕೆ ಐದು ದಿನದ ಪ್ರವಾಸ ಹೊರಟಿದ್ದರು. ಹೊರಗಿನಿಂದ ಬಂದ ಕೆಲಸಗಾರರು ಗಡಿ ದಾಟಲು ಪರವಾನಗಿ ಕಚೇರಿಯ ಮುದ್ರೆ ಬೇಕು. ಎಂಟೂ ಅರ್ಜಿಗಳನ್ನು ಮಧ್ಯಾಹ್ನ ಮೂರರೊಳಗೆ ಮುಟ್ಟಿಸುವ ಕೆಲಸವನ್ನು ಗುಂಪಿನ ಹಿರಿಯಳಾದ ನರ್ಸಕ್ಕ ಇವಳ ತಲೆಗೆ ಕಟ್ಟಿದ್ದಳು.

ಅವನು ಲಿಫ್ಟ್ ರಿಪೇರಿ ಮಾಡುವವನು. ಗುಂಪಿನಲ್ಲಿ ಚಿಕ್ಕವರು ದೊಡ್ಡವರೆನ್ನದೆ ಎಲ್ಲರೂ ಅವನನ್ನು 'ಲಿಫ್ಟಣ್ಣ' ಎಂದೇ ಕರೆಯುತ್ತಿದ್ದರು. ಇವಳೊಬ್ಬಳು ಮಾತ್ರ 'ರೀ' ಎನ್ನುವುದಕ್ಕಿಂತ ಮುಂದೆ ಹೋದವಳಲ್ಲ. ಅಣ್ಣ ಎನ್ನಲು ನಾಲಿಗೆ ಹೊರಳಬೇಕಲ್ಲ!

ಅವಳು ಕಾಗದ ಬಿಡಿಸಿದಳು. ಕೊನೆಯ ಸಾಲಿನಲ್ಲಿ ಎರಡು ಚೌಕಗಳು. ಮೊದಲನೆಯದು 'ಹೋಗಿ ಬರುತ್ತೇನೆ'. ಎರಡನೆಯದು 'ಮರಳಿ ಬರುವುದಿಲ್ಲ'.

ಅವನು ಎರಡನೆಯದಕ್ಕೆ ಗುರುತು ಹಾಕಿದ್ದ.

ಅವಳು ಮತ್ತೊಮ್ಮೆ ಓದಿದಳು. ಪ್ರವಾಸ ಮುಗಿಸಿ ಅಲ್ಲಿಂದಲೇ ಊರಿಗೆ... ಶಾಶ್ವತವಾಗಿ! ಮುದ್ರೆ ಬಿದ್ದರೆ ಅವನ ಕೆಲಸದ ಪರವಾನಗಿಯೇ ರದ್ದು. ಮತ್ತೆ ಬರುತ್ತೇನೆಂದರೂ ಬರುವ ಹಾಗಿಲ್ಲ.

'ನನಗೆ ಒಂದು ಮಾತೂ ಹೇಳಲಿಲ್ಲವಲ್ಲ... ಹೇಳಲು ನಾನು ಯಾರು?'

ಮಧ್ಯಾಹ್ನದವರೆಗೆ ಅವಳು ಮಾಡಿದ್ದೆಲ್ಲ ಎಡವಟ್ಟು. ಬಲಗಣ್ಣಿನ ಗಾಜನ್ನು ಎಡಗಣ್ಣಿನ ಅಳತೆಗೆ ಉಜ್ಜಿಟ್ಟಳು. ಮಾಲೀಕರು ಬೈದದ್ದು ಕಿವಿಗೆ ಬಿದ್ದರೂ ಮನಸ್ಸಿಗೆ ಬೀಳಲಿಲ್ಲ.

ಕಚೇರಿಯಲ್ಲಿ ಅವಳಿಗೆ ಸಿಕ್ಕ ಸರದಿ ಸಂಖ್ಯೆಯ ಚೀಟಿಯ ಮುಂದೆ ಇನ್ನೂ ನಲವತ್ತು ಜನ ಇದ್ದರು. ಅವನ ಅರ್ಜಿಯೊಂದನ್ನು ಬಚ್ಚಿಟ್ಟುಬಿಟ್ಟರೆ? ಎಲ್ಲೋ ಬಿದ್ದುಹೋಯಿತು ಎಂದರೆ? ಛೆ! ಸುಳ್ಳು ಹೇಳಿ ಹಿಡಿದಿಟ್ಟುಕೊಂಡವನು ತನ್ನವನಾದಾನೆಯೇ... ಕೇಳಿಯೇಬಿಡೋಣ ಎಂದು ಎದ್ದಳು.

ಅವನು ಪಕ್ಕದ ಬೀದಿಯ ಕಟ್ಟಡದ ಏಳನೇ ಮಹಡಿಯಲ್ಲಿ, ಕೆಟ್ಟು ನಿಂತ ಲಿಫ್ಟಿನ ಬಾಗಿಲು ಬಿಚ್ಚುತ್ತಿದ್ದ. ಅವಳು ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಾ ಕಾಗದ ಮುಂದೆ ಹಿಡಿದಳು.

"ಈ ಗುರುತು ಕೈತಪ್ಪಿ ಬಿತ್ತಾ?"

"ಇಲ್ಲ." ಅವನು ತಲೆ ಎತ್ತಲಿಲ್ಲ. "ಊರಲ್ಲಿ ನಮ್ಮಣ್ಣ ಮೋಟಾರ್ ರಿಪೇರಿ ಅಂಗಡಿ ಇಟ್ಟಿದಾನೆ. ಎರಡು ವರ್ಷದಿಂದ ಬಾ ಬಾ ಅಂತಿದಾನೆ."

"ನನಗೊಂದು ಮಾತು ಹೇಳ್ಬೇಕು ಅಂತ ಅನ್ನಿಸ್ಲಿಲ್ವಾ?"

"ನೀವು ಹೇಳಿದ್ರಾ?"

"ನಾನಾ? ನಾನೇನು ಹೇಳ್ಬೇಕಿತ್ತು?"

"ಹೋದ ವಾರ ಮಂಚ, ಒಲೆ, ಪಾತ್ರೆ, ಕಿಟಕಿ ಪರದೆ ಸಮೇತ ಎಲ್ಲರಿಗೂ ಹಂಚಿದ್ರಲ್ಲ! ಆ ಮಂಚ ಕೆಳಗೆ ಇಳಿಸಿದ್ದು ಇದೇ ಕೈ. ನಮ್ಮಲ್ಲಿ ಮನೆ ಸಾಮಾನು ಹಂಚೋರು ಯಾಕೆ ಹಂಚ್ತಾರೆ ಅಂತ ನಂಗೊತ್ತಿಲ್ವಾ?"

ಅವಳು ಹಣೆ ಚಚ್ಚಿಕೊಂಡಳು.

ಅವರ ಗುಂಪಿನಲ್ಲಿ ಹಾಗೊಂದು ರೂಢಿಯಿತ್ತು. ಶಾಶ್ವತವಾಗಿ ಊರಿಗೆ ಹೊರಟವರು ಸಾಮಾನನ್ನೆಲ್ಲ ಉಳಿದವರಿಗೆ ಹಂಚುತ್ತಿದ್ದರು. ಯಾಕೆ, ಯಾವಾಗ ಎಂದು ಯಾರೂ ಕೇಳುತ್ತಿರಲಿಲ್ಲ. ಕೇಳಿದರೆ ಇಬ್ಬರೂ ಅಳಬೇಕಾಗುತ್ತದೆ ಎಂದು ಸುಮ್ಮನೆ ಹೊತ್ತುಕೊಂಡು ಹೋಗುತ್ತಿದ್ದರು. ಅವನೂ ಅಂದು ಹಾಗೆಯೇ ತುಟಿಪಿಟಕ್ಕೆನ್ನದೆ ಮಂಚ ಹೊತ್ತಿದ್ದ.

"ಅಯ್ಯೋ ದೇವರೇ! ನಾನು ನರ್ಸಕ್ಕನ ಮನೆಗೆ ಹೋಗ್ತಿರೋದು ರೀ! ಅವರ ಹತ್ರ ಒಂದು ಕೋಣೆ ಖಾಲಿ ಇದೆ. ಅಲ್ಲಿ ಮಂಚಾನೂ ಇದೆ, ಒಲೇನೂ ಇದೆ. ಎರಡೆರಡು ಮಂಚದ ಮೇಲೆ ಮಲಗ್ಲಾ ನಾನು?"

ಅವನ ಕೈಯಿಂದ ಸ್ಪ್ಯಾನರ್ ಜಾರಿ ಬಿತ್ತು.

"ಹಾಗಾದ್ರೆ ನಿಮ್ಮ ಅರ್ಜೀಲಿ..."

"ಹೋಗಿ ಬರ್ತೀನಿ ಅಂತಿದೆ! ನೋಡಿ!"

ಅವನು ನೋಡಿದ. ಕಾಗದವನ್ನಲ್ಲ, ಅವಳನ್ನು. "ನೀವಿಲ್ಲದ ಈ ಊರಲ್ಲಿ ಲಿಫ್ಟ್ ಹತ್ತಿಸ್ಕೊಂಡು ಇಳಿಸ್ಕೊಂಡು ನಾನೇನು ಮಾಡ್ಲಿ ಅಂತ..."

ಅವಳ ಕಣ್ಣು ತುಂಬಿ ಬಂತು. ಆದರೆ ಗಡಿಯಾರಕ್ಕೆ ಅದೆಲ್ಲ ಗೊತ್ತಾಗಬೇಕಲ್ಲ!

"ಎರಡೂ ಮುಕ್ಕಾಲು! ಓಡಿ ರೀ!"

ಲಿಫ್ಟ್ ರಿಪೇರಿಯವನು ಏಳು ಮಹಡಿ ಮೆಟ್ಟಿಲು ಇಳಿದು ಓಡಿದ. ಅವಳೂ ಓಡಿದಳು. ಅವಳ ಸಂಖ್ಯೆ ಕೂಗಿ ಆಗಿಹೋಗಿತ್ತು. ಕಾಡಿ ಬೇಡಿ ಹೇಗೋ ಕಿಟಕಿಯ ಮುಂದೆ ನಿಂತರು. ಏಳು ಅರ್ಜಿ ಒಪ್ಪಿಸಿ, ಎಂಟನೆಯದರಲ್ಲಿ ಗುರುತು ಬದಲಿಸಬೇಕು ಎಂದರು.

ಕಿಟಕಿಯೊಳಗಿನ ಹೆಂಗಸು ಹೊಸ ಅರ್ಜಿಯೊಂದನ್ನು ತಳ್ಳಿದಳು. "ನಿರ್ಧಾರ ಬದಲಾಗಿದ್ರೆ ಕೆಳಗೆ ಕಾರಣ ಬರೀಬೇಕು."

ಅವನು ಪೆನ್ನು ಹಿಡಿದು ಒಂದು ಗಳಿಗೆ ಯೋಚಿಸಿದ. ಗ್ರೀಸ್ ಮೆತ್ತಿದ ಬೆರಳಿನಿಂದ ಒಂದೇ ಪದ ಬರೆದ. ಮದುವೆ.

ಹೆಂಗಸು ಓದಿ ಕತ್ತೆತ್ತಿದಳು. "ಯಾರ ಜೊತೆ?"

ಅವನು ಪೆನ್ನಿನ ತುದಿಯನ್ನು ಪಕ್ಕಕ್ಕೆ ತಿರುಗಿಸಿದ.

"ಅವರಿಗೆ ಗೊತ್ತಾ?"

"ಇನ್ನೂ... ಕೇಳಿಲ್ಲ."

"ಹಾಗಾದ್ರೆ ಬೇಗ ಕೇಳಿ! ಮೂರಕ್ಕೆ ಕಿಟಕಿ ಮುಚ್ತೀನಿ."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಅವನು ಅವಳ ಕಡೆ ತಿರುಗಿದ. ಹಣೆಯ ತುಂಬ ಬೆವರು. "ಎರಡು ವರ್ಷದಿಂದ ದಿನಾ ಕೇಳ್ಬೇಕು ಅಂತ ಬಂದು, ಚೆನ್ನಾಗಿದೀರಾ ಅಂತಷ್ಟೇ ಕೇಳಿ ವಾಪಸ್ ಹೋಗಿದೀನಿ. ನನ್ನ ಮದುವೆ ಆಗ್ತೀರಾ?"

ಎರಡು ವರ್ಷದಿಂದ ಎದೆಯಲ್ಲಿ ಕಟ್ಟಿಟ್ಟುಕೊಂಡದ್ದೆಲ್ಲ ಕೆನ್ನೆಯ ಮೇಲೆ ಇಳಿಯಿತು. ಅವಳು ಒರೆಸಿಕೊಳ್ಳಲಿಲ್ಲ.

"ಮೊದಲು ಆ ಒಂದನೇ ಚೌಕಕ್ಕೆ ಗುರುತು ಹಾಕಿ," ಎಂದಳು.

"ಹಾಕ್ತೀನಿ. ನಿಮ್ಮ ಉತ್ತರ?"

"ಅದೇ ನನ್ನ ಉತ್ತರ ರೀ..."